ಟೈರ್ ಮೊದಲು, ಲಿಫ್ಟ್ ಆಮೇಲೆ: ಹಳೆಯ ಜಿಪ್ಸಿಯನ್ನು ಎತ್ತರಿಸುವ ಲೆಕ್ಕಾಚಾರ

ಸಸ್ಪೆನ್ಷನ್ ಲಿಫ್ಟ್ (ಸ್ಪ್ರಿಂಗ್‌ಗಳ ಮೇಲೆ ಕೂತ ಗಾಡಿಯನ್ನು ಇನ್ನಷ್ಟು ಎತ್ತರಿಸುವ ಮಾರ್ಪಾಡು) ಹಾಕಿಸಿದ ಜಿಪ್ಸಿಯ ಬಂಪರ್ ಮೇಲೇರುತ್ತದೆ, ಬಾಗಿಲು ಮೇಲೇರುತ್ತದೆ, ಮನೆಯ ಹಿರಿಯರಿಗೆ ಹತ್ತಲು ಸ್ಟೂಲ್ ಬೇಕಾಗುತ್ತದೆ. ಆದರೆ ಕಲ್ಲಿಗೆ ಮೊದಲು ಬಡಿಯುವ ಭಾಗ, ಅಂದರೆ ಆಕ್ಸಲ್‌ನಲ್ಲಿ ಗುಂಡಗೆ ಉಬ್ಬಿರುವ ಡಿಫರೆನ್ಷಿಯಲ್ (ಎಂಜಿನ್ನಿನ ಶಕ್ತಿಯನ್ನು ಎಡ ಬಲ ಚಕ್ರಗಳಿಗೆ ಹಂಚುವ ಗೇರುಗಳ ಗೂಡು), ಕೂದಲೆಳೆಯಷ್ಟೂ ಮೇಲೇರುವುದಿಲ್ಲ. ಆಕ್ಸಲ್ ಚಕ್ರಗಳ ಕೇಂದ್ರಕ್ಕೆ ಸೇರಿಕೊಂಡಿರುತ್ತದೆ. ಚಕ್ರದ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದೂ ಅಲ್ಲೇ. ಗೇರುಗಳ ನೆರವಿನಿಂದ ಆಕ್ಸಲನ್ನು ಚಕ್ರದ ಕೇಂದ್ರಕ್ಕಿಂತ ಮೇಲೆ ಕೂರಿಸುವ ಪೋರ್ಟಲ್ ಆಕ್ಸಲ್‌ನಂತಹ ದುಬಾರಿ ವ್ಯವಸ್ಥೆಯನ್ನು ಬಿಟ್ಟರೆ ಅದನ್ನು ಮೇಲೆತ್ತಲು ಇರುವ ದಾರಿ ಒಂದೇ: ಟೈರಿನ ವ್ಯಾಸ ಹೆಚ್ಚಬೇಕು.

ಇಷ್ಟು ಗೊತ್ತಾದರೆ ಉಳಿದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಹೆಚ್ಚಿನವರು ಮೊದಲು ನಾಲ್ಕು ಇಂಚಿನದೋ ಐದು ಇಂಚಿನದೋ ಲಿಫ್ಟ್ ಎಂದು ತೀರ್ಮಾನಿಸಿ, ಆಮೇಲೆ ಆ ಖಾಲಿ ಜಾಗ ತುಂಬುವ ಟೈರ್ ಹುಡುಕುತ್ತಾರೆ. ನಡೆಯಬೇಕಾದದ್ದು ಇದಕ್ಕೆ ಉಲ್ಟಾ. ಓಡಿಸುವ ದಾರಿಗೆ ಎಷ್ಟು ದೊಡ್ಡ ಟೈರ್ ಬೇಕು ಎಂದು ನೋಡಿ, ಆ ಟೈರ್ ಎಲ್ಲಿಯೂ ಉಜ್ಜದೆ ತಿರುಗಲು ಬೇಕಾದಷ್ಟೇ ಲಿಫ್ಟ್ ಕೊಡಬೇಕು.

ಜಿಪ್ಸಿಯನ್ನೇ ಉದಾಹರಣೆಗೆ ತೆಗೆದುಕೊಂಡಿರುವುದಕ್ಕೆ ಕಾರಣವಿದೆ. 1985ರಿಂದ 2018ರವರೆಗೆ ಮಾರುತಿ ಇದನ್ನು ತಯಾರಿಸಿತು. ಸೇನೆ, ಪೊಲೀಸ್, ಅರಣ್ಯ ಇಲಾಖೆಗಳಲ್ಲಿ ದುಡಿದ ಗಾಡಿಗಳು ಹರಾಜಿನಲ್ಲಿ ಕೈ ಬದಲಾಯಿಸಿ ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಾಫಿ ತೋಟಗಳಿಗೆ ಬಂದಿವೆ. ಇದರ ರಚನೆಯೂ ಅರ್ಥಮಾಡಿಕೊಳ್ಳಲು ಸುಲಭ. ಬಾಡಿಯಿಂದ ಬೇರೆಯಾದ ಚಾಸಿ, ಹಿಂದೆ ಮುಂದೆ ಎರಡೂ ಕಡೆ ಅಖಂಡ ಆಕ್ಸಲ್, ನಾಲ್ಕು ಮೂಲೆಗೂ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು), ಸುಮಾರು ಒಂದು ಟನ್ ತೂಕ. ಮೊದಲ ಗಾಡಿಗಳಲ್ಲಿ 1 ಲೀಟರ್, ನಂತರದವುಗಳಲ್ಲಿ 1.3 ಲೀಟರ್ ಪೆಟ್ರೋಲ್ ಎಂಜಿನ್, ಕೊನೆಯ ಆವೃತ್ತಿಯಲ್ಲಿ 80 ಅಶ್ವಶಕ್ತಿ. ಗಾಡಿ ಹಗುರ, ಎಂಜಿನ್ ಚಿಕ್ಕದು. ಈ ಎರಡು ಸಂಗತಿಗಳು ಮುಂದಿನ ಪ್ರತಿಯೊಂದು ನಿರ್ಧಾರದಲ್ಲೂ ತಲೆ ಹಾಕುತ್ತವೆ.

ಈಗ ಟೈರಿನ ಲೆಕ್ಕ. ಜಿಪ್ಸಿಯ ಮೂಲ ರೇಡಿಯಲ್ ಅಳತೆ 205/70 ಆರ್ 15. ಮೊದಲ ಸಂಖ್ಯೆ ಮಿಲಿಮೀಟರ್‌ನಲ್ಲಿ ಅಗಲ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಪಾಲು ಟೈರಿನ ಗೋಡೆಯ ಎತ್ತರ ಎಂಬುದು, ಮೂರನೆಯದು ಇಂಚಿನಲ್ಲಿ ರಿಮ್. ಗೋಡೆ 143.5 ಮಿ.ಮೀ., ಅದು ಮೇಲೊಂದು ಕೆಳಗೊಂದು, ಜೊತೆಗೆ 381 ಮಿ.ಮೀ. ರಿಮ್, ಒಟ್ಟು ವ್ಯಾಸ 668 ಮಿ.ಮೀ. ಇದೇ ಲೆಕ್ಕದಲ್ಲಿ 215/75 ಆರ್ 15 ಟೈರಿನ ವ್ಯಾಸ ಸುಮಾರು 703, 235/75 ಆರ್ 15 ಟೈರಿನದು ಸುಮಾರು 733. ವ್ಯಾಸದಲ್ಲಿ ಸಿಕ್ಕಿದ್ದರ ಅರ್ಧ ಮಾತ್ರ ಡಿಫರೆನ್ಷಿಯಲ್‌ನ ಕೆಳಗೆ ಸಿಗುತ್ತದೆ. ಹಾಗಾಗಿ 215ರಿಂದ ಸುಮಾರು 18 ಮಿ.ಮೀ. ಲಾಭ, 235ರಿಂದ 33 ಮಿ.ಮೀ. ಲಾಭ. ಇಷ್ಟೇನಾ ಎಂದು ಮೂಗು ಮುರಿಯುವವರು ಕಾಲುದಾರಿಯ ಕಲ್ಲೊಂದರ ಮೇಲೆ ಡಿಫರೆನ್ಷಿಯಲ್ ಕೂರಿಸಿಕೊಂಡು ನಿಂತ ಗಾಡಿಯನ್ನು ಒಮ್ಮೆ ನೋಡಬೇಕು. ಅಲ್ಲಿ ಒಂದು ಬೆರಳಗಲದ ಬೆಲೆ ತಿಳಿಯುತ್ತದೆ.

ಅಗಲದ ವಿಷಯದಲ್ಲಿ ಮಲೆನಾಡಿನ ಮಣ್ಣಿಗೆ ತನ್ನದೇ ಅಭಿಪ್ರಾಯವಿದೆ. ಮರಳಿನ ಮೇಲೆ ಅಗಲ ಟೈರ್ ತೇಲುತ್ತದೆ, ಅದು ಅಲ್ಲಿಗೆ ಸರಿ. ಮೇಲೆ ನಾಲ್ಕು ಬೆರಳು ಕೆಸರು, ಅಡಿಯಲ್ಲಿ ಗಟ್ಟಿ ಜಂಬಿಟ್ಟಿಗೆ ಇರುವ ತೋಟದ ದಾರಿಯಲ್ಲಿ ಎತ್ತರವೂ ಕಿರಿದೂ ಆದ ಟೈರ್ ಕೆಸರನ್ನು ಸೀಳಿ ಗಟ್ಟಿ ನೆಲ ಹಿಡಿಯುತ್ತದೆ. ಅಗಲ ಟೈರ್ ಅದೇ ಕೆಸರಿನ ಮೇಲೆ ಜಾರುತ್ತದೆ. ಅದಲ್ಲದೆ ಅಗಲವಾದಷ್ಟೂ ಪೂರ್ತಿ ತಿರುಗಿಸಿದಾಗ ಒಳಗೆ ಲೀಫ್ ಸ್ಪ್ರಿಂಗ್‌ಗೆ, ಹೊರಗೆ ಮಡ್‌ಗಾರ್ಡ್‌ನ ಅಂಚಿಗೆ ಉಜ್ಜುವ ಸಾಧ್ಯತೆ ಹೆಚ್ಚು. ಆಗ ರಿಮ್ಮನ್ನು ಹೊರಕ್ಕೆ ತರಲು ಬೇರೆ ಆಫ್‌ಸೆಟ್‌ನ ಚಕ್ರ ಬೇಕು. ಚಕ್ರ ಹೊರಕ್ಕೆ ಬಂದಷ್ಟೂ ಹಬ್ ಬೇರಿಂಗ್ ಮೇಲೆ ಹೊರೆ. ನನ್ನ ಮಟ್ಟಿಗೆ ಜಿಪ್ಸಿಗೆ 215/75 ನೆಮ್ಮದಿಯ ಆಯ್ಕೆ, 235/75 ಮೇಲಿನ ಮಿತಿ. ಅದಕ್ಕಿಂತ ದೊಡ್ಡದು ಬೇಕೆನ್ನುವವರು ಗೇರ್, ಬ್ರೇಕ್, ಆಕ್ಸಲ್ ಮೂರನ್ನೂ ಬದಲಿಸಲು ಹಣ ಎತ್ತಿಟ್ಟಿರಬೇಕು.

ದೊಡ್ಡ ಟೈರ್ ಹಾಕಿದ ಕೂಡಲೇ ಗಾಡಿಯ ಎಲ್ಲ ಗೇರುಗಳೂ ಒಮ್ಮೆಗೇ ಉದ್ದವಾಗುತ್ತವೆ. 235/75 ಮೂಲ ಟೈರಿಗಿಂತ ಶೇ. 9.8 ದೊಡ್ಡದು. ಪ್ರತಿ ಸುತ್ತಿಗೆ ಅಷ್ಟು ಹೆಚ್ಚು ದೂರ ಉರುಳಬೇಕು, ಎಂಜಿನ್ ಶಕ್ತಿ ಇದ್ದಷ್ಟೇ. ನೆಲಕ್ಕೆ ತಲುಪುವ ಎಳೆತ ಸುಮಾರು ಶೇ. 9ರಷ್ಟು ಕಡಿಮೆಯಾಗುತ್ತದೆ. ಜಿಪ್ಸಿಯ ಎಂಜಿನ್ ಹೆಚ್ಚು ಸುತ್ತಿನಲ್ಲಷ್ಟೇ ಉಸಿರು ಬಿಡುವ ಸ್ವಭಾವದ್ದು, ಹಾಗಾಗಿ ಘಾಟಿಯಲ್ಲಿ ಮೂರನೆಯ ಗೇರಿನಲ್ಲಿ ಏರುತ್ತಿದ್ದ ತಿರುವಿಗೆ ಈಗ ಎರಡನೆಯದು ಬೇಕಾಗುತ್ತದೆ. ಕ್ಲಚ್ ಬೇಗ ಸವೆಯುತ್ತದೆ. ಕಷ್ಟದ ಜಾಗಗಳಲ್ಲಿ ನಿಧಾನವಾಗಿ ಆದರೆ ಹೆಚ್ಚು ಎಳೆತದಿಂದ ನಾಲ್ಕೂ ಚಕ್ರ ತಿರುಗಿಸುವ ಫೋರ್ ವ್ಹೀಲ್ ಲೋ ಇರುವುದರಿಂದ ಅಲ್ಲಿ ಬಚಾವ್. ತೊಂದರೆ ಕಾಣಿಸುವುದು ಡಾಂಬರು ರಸ್ತೆಯ ಏರಿನಲ್ಲಿ.

ಸ್ಪೀಡೋಮೀಟರ್ ಕೂಡ ಹಳೆಯ ಟೈರನ್ನೇ ನಂಬಿಕೊಂಡಿರುತ್ತದೆ. ಅದು 60 ತೋರಿಸಿದಾಗ ನಿಜವಾದ ವೇಗ ಅದಕ್ಕಿಂತ ಶೇ. 9.8 ಹೆಚ್ಚು, ಅಂದರೆ ಸುಮಾರು 66 (ಮೊದಲು ಸರಿಯಾಗಿ ತೋರಿಸುತ್ತಿತ್ತು ಎಂದಿಟ್ಟುಕೊಂಡರೆ). ಓಡಿದ ದೂರವನ್ನೂ ಕಡಿಮೆ ಎಣಿಸುತ್ತದೆ. ಲೀಟರಿಗೆ ನಿಜವಾಗಿ 10 ಕಿ.ಮೀ. ಓಡಿದ ಗಾಡಿ ಮೀಟರಿನ ಲೆಕ್ಕದಲ್ಲಿ 9.1 ತೋರಿಸುತ್ತದೆ. ಟೈರ್ ಬದಲಿಸಿದ ಮೇಲೆ ಮೈಲೇಜ್ ಬಿದ್ದುಹೋಯಿತು ಎನ್ನುವವರ ದೂರಿನಲ್ಲಿ ಒಂದು ಪಾಲು ಪೆಟ್ರೋಲಿನದು, ಇನ್ನೊಂದು ಪಾಲು ಗಣಿತದ್ದು.

ಬ್ರೇಕಿನ ವಿಷಯ ತಮಾಷೆಯದಲ್ಲ. ನೆಲ ಟೈರನ್ನು ಹಿಡಿದು ತಿರುಗಿಸುವ ತೋಳು ಉದ್ದವಾಗಿದೆ, ಬ್ರೇಕ್ ಡಿಸ್ಕ್ ಮಾತ್ರ ಅದೇ ಗಾತ್ರದ್ದು. ಅದೇ ದೂರದಲ್ಲಿ ನಿಲ್ಲಬೇಕಾದರೆ ಪೆಡಲಿನ ಮೇಲೆ ಸುಮಾರು ಹತ್ತರಲ್ಲಿ ಒಂದು ಪಾಲು ಹೆಚ್ಚು ಒತ್ತಡ ಬೇಕು. ಭಾರದ ಟೈರ್ ತಿರುಗುತ್ತಲೇ ಇರಲು ಬಯಸುತ್ತದೆ, ಅದು ಬೇರೆ. ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ ಇಲ್ಲದ ಗಾಡಿಯಲ್ಲಿ ಹಳೆಯ ಪ್ಯಾಡ್, ಹಳೆಯ ವ್ಹೀಲ್ ಸಿಲಿಂಡರ್ ಇಟ್ಟುಕೊಂಡು ದೊಡ್ಡ ಟೈರ್ ಹಾಕಿಸುವುದು ನನಗೆ ಒಪ್ಪಿಗೆಯಿಲ್ಲ.

ಟೈರ್ ತೀರ್ಮಾನವಾಯಿತು, ಇನ್ನು ಅದಕ್ಕೆ ಜಾಗ ಮಾಡುವ ಬಗೆ. ಇದಕ್ಕೆ ಹಲವು ದಾರಿಗಳಿವೆ, ಬೆಲೆಯೂ ದುಷ್ಪರಿಣಾಮವೂ ಬೇರೆ ಬೇರೆ.

ಎಲ್ಲಕ್ಕಿಂತ ಅಗ್ಗದ್ದು ಉದ್ದನೆಯ ಶ್ಯಾಕಲ್. ಲೀಫ್ ಸ್ಪ್ರಿಂಗ್‌ನ ಒಂದು ತುದಿ ಚಾಸಿಗೆ ನೇರವಾಗಿ ಕೂತಿರುತ್ತದೆ, ಇನ್ನೊಂದು ತುದಿ ತೂಗುವ ಶ್ಯಾಕಲ್‌ನಲ್ಲಿರುತ್ತದೆ. ಆಕ್ಸಲ್ ಹೆಚ್ಚುಕಡಿಮೆ ನಡುವೆ ಇರುವುದರಿಂದ ಶ್ಯಾಕಲ್ ಎರಡು ಇಂಚು ಉದ್ದವಾದರೆ ಗಾಡಿ ಒಂದು ಇಂಚು ಏರುತ್ತದೆ. ಆದರೆ ಒಂದು ತುದಿ ಮಾತ್ರ ಕೆಳಗಿಳಿದಾಗ ಸ್ಪ್ರಿಂಗ್ ಓರೆಯಾಗುತ್ತದೆ, ಅದರೊಂದಿಗೆ ಆಕ್ಸಲ್ ಕೂಡ ಸ್ವಲ್ಪ ಹೊರಳುತ್ತದೆ. ಜಿಪ್ಸಿಯ ಮುಂದಿನ ಶ್ಯಾಕಲ್ ಇರುವುದು ಸ್ಪ್ರಿಂಗ್‌ನ ಮುಂತುದಿಯಲ್ಲಿ. ಆದ್ದರಿಂದ ಆಕ್ಸಲ್‌ನ ಮೇಲ್ಭಾಗ ಮುಂದಕ್ಕೆ ಹೊರಳಿ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ತಿರುವಿನ ನಂತರ ಸ್ಟೀರಿಂಗ್ ತಾನಾಗಿಯೇ ನೇರಕ್ಕೆ ಮರಳುವುದು ಈ ಕ್ಯಾಸ್ಟರ್‌ನಿಂದ. ಅದು ಕಡಿಮೆಯಾದ ಗಾಡಿ ಹೆದ್ದಾರಿಯಲ್ಲಿ ಅತ್ತಿತ್ತ ಅಲೆಯುತ್ತದೆ, ಚಾಲಕ ಸದಾ ತಿದ್ದುತ್ತಲೇ ಇರಬೇಕು. ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಬೆಣೆಯಾಕಾರದ ಲೋಹದ ತುಂಡಿಟ್ಟು ಇದನ್ನು ಸರಿಪಡಿಸಬಹುದು, ಆದರೆ ಆಗ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಗಿಡ್ಡವಾಗುವ ಕಂಬಳಿಯಂತೆ ಈ ಕೆಲಸ.

ಎರಡನೆಯದು ಸ್ಪ್ರಿಂಗ್‌ಗೆ ಒಂದು ಪ್ಲೇಟ್ ಹೆಚ್ಚಿಗೆ ಸೇರಿಸುವುದು. ಊರಿನ ಸ್ಪ್ರಿಂಗ್ ಅಂಗಡಿಯಲ್ಲೇ ಆಗುವ ಕೆಲಸ. ಗಾಡಿ ಏರುತ್ತದೆ, ಜೊತೆಗೆ ಗಡುಸಾಗುತ್ತದೆ. ಜಿಪ್ಸಿಯ ಹಿಂದಿನ ಸೀಟಿನಲ್ಲಿ ಕೂತವರಿಗೆ ಮೊದಲೇ ಬೆನ್ನು ಎಲ್ಲಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಗಡುಸು ಸ್ಪ್ರಿಂಗ್‌ನ ಅಸಲಿ ದೋಷ ಬೇರೆ: ಹಳ್ಳದಲ್ಲಿ ಒಂದು ಚಕ್ರ ಕೆಳಗಿಳಿಯಬೇಕಾದಾಗ ಇಳಿಯದೆ ಗಾಳಿಯಲ್ಲಿ ತೂಗುತ್ತದೆ. ಸಾಮಾನ್ಯ ಡಿಫರೆನ್ಷಿಯಲ್‌ನ ಗಾಡಿಯಲ್ಲಿ ಗಾಳಿಯಲ್ಲಿರುವ ಚಕ್ರ ಸುಮ್ಮನೆ ತಿರುಗುತ್ತದೆ, ನೆಲದಲ್ಲಿರುವುದು ಕದಲುವುದಿಲ್ಲ. ಕಾಡುದಾರಿಗೆಂದು ಹಾಕಿಸಿದ ಲಿಫ್ಟ್ ಕಾಡುದಾರಿಯಲ್ಲೇ ಕೈಕೊಡುವುದು ಹೀಗೆ. ಒಂದೂವರೆ ಎರಡು ಇಂಚು ಹೆಚ್ಚು ಬಾಗು ಇರುವ, ಹೊಸದಾಗಿ ಮಾಡಿಸಿದ ಪೂರ್ಣ ಸ್ಪ್ರಿಂಗ್ ಸೆಟ್ ಇದಕ್ಕಿಂತ ಎಷ್ಟೋ ಮೇಲು, ಅದಕ್ಕೆ ಒಪ್ಪುವ ಉದ್ದದ ಶಾಕ್ ಅಬ್ಸಾರ್ಬರ್ ಜೊತೆಗಿದ್ದರೆ. ಹಳೆಯ ಶಾಕ್ ಹಾಗೆಯೇ ಉಳಿದರೆ ಸ್ಪ್ರಿಂಗ್ ಇಳಿಯುವ ಮೊದಲೇ ಅದು ಕೊನೆಮುಟ್ಟಿ, ತೂಗುವ ಚಕ್ರದ ಭಾರವನ್ನೆಲ್ಲ ತನ್ನ ಬೋಲ್ಟಿನ ಮೇಲೆ ಹೊರುತ್ತದೆ.

ಮೂರನೆಯದು ಬಾಡಿ ಲಿಫ್ಟ್. ಚಾಸಿ ಮತ್ತು ಬಾಡಿಯ ನಡುವಿನ ರಬ್ಬರ್ ಮೌಂಟ್‌ಗಳ ಜೊತೆ ದಿಂಬುಗಳನ್ನಿಟ್ಟು ಬಾಡಿಯನ್ನಷ್ಟೇ ಒಂದು ಇಂಚು ಎತ್ತುವುದು. ಸಸ್ಪೆನ್ಷನ್ ಮುಟ್ಟುವುದಿಲ್ಲ, ಟೈರಿಗೆ ಜಾಗ ಸಿಗುತ್ತದೆ. ಸ್ಟೀರಿಂಗ್ ಕಾಲಮ್ಮಿನ ಜೋಡಣೆ, ಗೇರ್ ಲಿವರ್‌ಗಳು ನೆಲದ ರಂಧ್ರದಲ್ಲಿ ತಾಗುತ್ತವೆಯೇ ಎಂಬುದು, ರೇಡಿಯೇಟರ್ ಮತ್ತು ಫ್ಯಾನ್ ನಡುವಿನ ಅಂತರ, ಇಷ್ಟನ್ನು ನೋಡಬೇಕು. ನೋಡಲು ಚೆನ್ನಾಗಿರುವುದಿಲ್ಲ ಎಂಬುದು ಇದರ ಮೇಲಿನ ದೊಡ್ಡ ಆಪಾದನೆ. ಒಂದು ಇಂಚಿನವರೆಗೆ ನನಗೆ ಇದರಲ್ಲಿ ದೋಷ ಕಾಣುವುದಿಲ್ಲ. ಹಳೆಯ ಗಾಡಿಯಲ್ಲಿ ಬಾಡಿ ಮೌಂಟ್‌ನ ಸುತ್ತ ತುಕ್ಕು ಹಿಡಿದಿದ್ದರೆ ಮಾತ್ರ ಮೊದಲು ಅದರ ರಿಪೇರಿ.

ನಾಲ್ಕನೆಯದು, ಜಿಪ್ಸಿ ಪ್ರಿಯರ ನಡುವೆ ಹೆಚ್ಚು ಮಾತಾಗುವುದು, ಸ್ಪ್ರಿಂಗ್ ಓವರ್ ಆಕ್ಸಲ್. ಕಾರ್ಖಾನೆಯಿಂದ ಬಂದಾಗ ಜಿಪ್ಸಿಯ ಸ್ಪ್ರಿಂಗ್ ಆಕ್ಸಲ್‌ನ ಅಡಿಯಲ್ಲಿರುತ್ತದೆ. ಅದನ್ನು ಬಿಚ್ಚಿ, ಆಕ್ಸಲ್ ಕೊಳವೆಯ ಮೇಲೆ ಹೊಸ ಆಸನ ಬೆಸೆದು, ಸ್ಪ್ರಿಂಗನ್ನು ಮೇಲೆ ಕೂರಿಸಿದರೆ ಕೊಳವೆಯ ವ್ಯಾಸ ಮತ್ತು ಸ್ಪ್ರಿಂಗ್‌ನ ದಪ್ಪ ಸೇರಿ ಗಾಡಿ ಒಮ್ಮೆಗೇ ಐದು ಇಂಚಿನಷ್ಟು ಏರುತ್ತದೆ. ಸ್ಪ್ರಿಂಗ್ ಹಳೆಯದೇ, ಮೆದುವಾಗಿಯೇ ಇರುತ್ತದೆ. ಅಡಿಯಲ್ಲಿ ಜೋತಾಡುತ್ತಿದ್ದ ಯು-ಬೋಲ್ಟ್ ತಟ್ಟೆಗಳೂ ಕಲ್ಲಿನ ದಾರಿಯಿಂದ ಸರಿಯುತ್ತವೆ. ಇದರ ಗುಣಗಳು ನಿಜ. ಬೆಲೆಯೂ ನಿಜ.

ಮೊದಲ ಬೆಲೆ ಸ್ಟೀರಿಂಗ್‌ನದು. ಸ್ಟೀರಿಂಗ್ ಬಾಕ್ಸ್ ಚಾಸಿಯಲ್ಲಿದೆ, ಚಕ್ರಗಳು ಆಕ್ಸಲ್‌ನಲ್ಲಿವೆ, ಇವೆರಡನ್ನು ಡ್ರ್ಯಾಗ್ ಲಿಂಕ್ ಎಂಬ ಸರಳು ಜೋಡಿಸುತ್ತದೆ. ಸರಳು ಹೆಚ್ಚುಕಡಿಮೆ ಮಟ್ಟಸವಾಗಿದ್ದಾಗ ಆಕ್ಸಲ್ ಮೇಲೆ ಕೆಳಗೆ ಹೋದರೂ ಅದರ ತುದಿ ಅಡ್ಡಲಾಗಿ ಹೆಚ್ಚು ಸರಿಯುವುದಿಲ್ಲ. ಚಾಸಿ ಐದು ಇಂಚು ಏರಿದಾಗ ಸರಳು ಕಡಿದಾಗಿ ಇಳಿಯುತ್ತದೆ. ಆಗ ಚಕ್ರ ಹಳ್ಳಕ್ಕೆ ಇಳಿದು ಎದ್ದಾಗಲೆಲ್ಲ ಸರಳು ಅದನ್ನು ಪಕ್ಕಕ್ಕೆ ತಳ್ಳುತ್ತದೆ, ಕೈಯಲ್ಲಿ ಸ್ಟೀರಿಂಗ್ ಕದಲದಿದ್ದರೂ ಗಾಡಿ ತಿರುಗುತ್ತದೆ. ಬಂಪ್ ಸ್ಟೀರ್ ಎನ್ನುವುದು ಇದನ್ನೇ. ಪರಿಹಾರವಾಗಿ ಝಡ್ ಆಕಾರದ ಲಿಂಕ್, ಅಥವಾ ಲಿಂಕನ್ನು ಮೇಲಿನಿಂದ ಜೋಡಿಸುವ ಸ್ಟೀರಿಂಗ್ ತೋಳು ಬಳಸುತ್ತಾರೆ. ಯಾವುದೇ ಆಗಲಿ, ಇರುವ ಲಿಂಕನ್ನು ಕತ್ತರಿಸಿ, ಬಗ್ಗಿಸಿ, ಮೂಲೆಯ ವೆಲ್ಡಿಂಗ್ ಅಂಗಡಿಯಲ್ಲಿ ಬೆಸೆದು ಹಾಕುವುದು ಬೇಡ. ಆ ಬೆಸುಗೆ ಬಿಟ್ಟ ಕ್ಷಣಕ್ಕೆ ಸ್ಟೀರಿಂಗೇ ಇಲ್ಲ.

ಎರಡನೆಯ ಬೆಲೆ ಪ್ರೊಪೆಲ್ಲರ್ ಶಾಫ್ಟಿನದು. ಶಕ್ತಿಯನ್ನು ಹಿಂದಿನ ಮುಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಜಿಪ್ಸಿಯಲ್ಲಿ ಗೇರ್‌ಬಾಕ್ಸ್‌ನಿಂದ ಬೇರೆಯಾಗಿ ನಡುವೆ ಕೂತಿದೆ, ಅಲ್ಲಿಂದ ಒಂದು ಶಾಫ್ಟ್ ಮುಂದಕ್ಕೆ, ಒಂದು ಹಿಂದಕ್ಕೆ. ಎರಡು ತುದಿಯ ಕ್ರಾಸ್ ಜಾಯಿಂಟ್‌ಗಳ ಕೋನ ಸಮವಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಸರಿದೂಗಿಸುತ್ತದೆ. ಅಸಮವಾದರೆ ಪ್ರತಿ ಸುತ್ತಿಗೆ ಎರಡು ಬಾರಿ ನಡುಕ. ಹೊಸ ಆಸನ ಬೆಸೆಯುವಾಗ ಪಿನಿಯನ್ (ಡಿಫರೆನ್ಷಿಯಲ್‌ನಲ್ಲಿ ಶಾಫ್ಟ್ ಸೇರುವ ಗೇರು) ಯಾವ ಕಡೆ ನೋಡಬೇಕು ಎಂಬುದನ್ನು ಗಾಡಿಯ ಪೂರ್ತಿ ಭಾರ ಚಕ್ರಗಳ ಮೇಲಿರುವಾಗಲೇ ಅಳೆದು ನಿರ್ಧರಿಸಬೇಕು. ಕಣ್ಣಂದಾಜಿನಲ್ಲಿ ಬೆಸೆದರೆ ತಿಂಗಳು ತುಂಬುವ ಮೊದಲೇ ಕ್ರಾಸ್ ಜಾಯಿಂಟ್ ಕಿರುಗುಟ್ಟುತ್ತದೆ. ಲಿಫ್ಟ್‌ನಿಂದ ಶಾಫ್ಟ್ ಉದ್ದಕ್ಕೆ ಎಳೆದುಕೊಳ್ಳುವುದರಿಂದ ಒಂದರೊಳಗೊಂದು ಜಾರುವ ಸ್ಪ್ಲೈನ್ ಭಾಗದ ಹಿಡಿತವೂ ಕಡಿಮೆಯಾಗುತ್ತದೆ, ಸ್ಪೇಸರ್ ಬೇಕಾಗಬಹುದು.

ಬ್ರೇಕ್ ಹೋಸ್ ಚಿಕ್ಕದು, ಕೊಂದುಬಿಡುವಷ್ಟು ಮುಖ್ಯ. ಗಾಡಿಯನ್ನು ಚಾಸಿಯಿಂದ ಎತ್ತಿ ಆಕ್ಸಲನ್ನು ಪೂರ್ತಿ ತೂಗಲು ಬಿಟ್ಟಾಗ ಹೋಸ್ ಬಿಗಿಯಾದರೆ ಉದ್ದನೆಯದು ಹಾಕಲೇಬೇಕು. ಹಿಂದಿನ ಆಕ್ಸಲ್‌ಗೆ ಸರಳು ಜೋಡಿಸಿ ಭಾರ ಅಳೆಯುವ ಬ್ರೇಕ್ ವಾಲ್ವ್ ಇರುವ ಗಾಡಿಗಳಲ್ಲಿ ಇನ್ನೊಂದು ಮೋಸವಿದೆ. ಲಿಫ್ಟ್ ಆದ ಮೇಲೆ ಗಾಡಿ ಖಾಲಿಯಿದೆ ಎಂದು ವಾಲ್ವ್ ಭಾವಿಸಿ ಹಿಂದಿನ ಬ್ರೇಕಿನ ಒತ್ತಡ ಕಡಿಮೆ ಮಾಡುತ್ತದೆ. ಆ ಸರಳನ್ನೂ ಹೊಸ ಎತ್ತರಕ್ಕೆ ಹೊಂದಿಸಬೇಕು.

ಇನ್ನು ಮಗುಚುವ ಮಾತು. ಗಾಡಿಯ ಸ್ಥಿರತೆಯ ಒರಟು ಅಳತೆ ಎಂದರೆ ಎಡ ಬಲ ಚಕ್ರಗಳ ನಡುವಿನ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸುವುದು. ಜಿಪ್ಸಿಯಲ್ಲಿ ಈ ಅಂತರ ಸುಮಾರು 1,300 ಮಿ.ಮೀ. ಗುರುತ್ವ ಕೇಂದ್ರ 650 ಮಿ.ಮೀ. ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ ಉತ್ತರ 1. ಕಾಗದದ ಮೇಲೆ 45 ಡಿಗ್ರಿ ಓರೆಯವರೆಗೆ ನಿಲ್ಲುತ್ತದೆ. ಸ್ಪ್ರಿಂಗ್ ಓವರ್ ಆಕ್ಸಲ್ ಮತ್ತು 235 ಟೈರ್ ಸೇರಿ ಆ ಕೇಂದ್ರ 780ಕ್ಕೆ ಏರಿತು ಎಂದರೆ ಉತ್ತರ 0.83, ಓರೆ 40 ಡಿಗ್ರಿಗಿಂತ ಕಡಿಮೆ. ಸ್ಪ್ರಿಂಗ್ ಒಂದು ಬದಿಗೆ ಕುಗ್ಗುವುದರಿಂದ, ಟೈರ್ ಬಾಗುವುದರಿಂದ ನಿಜ ಜೀವನದಲ್ಲಿ ಇನ್ನೂ ಮೊದಲೇ ಬೀಳುತ್ತದೆ. ಕಡಿದಾದ ತಿರುವಿನಲ್ಲಿ ಎದುರಿಗೆ ಬಸ್ ಬಂದಾಗ ಥಟ್ಟನೆ ಸ್ಟೀರಿಂಗ್ ಎಳೆಯುವ ನಮ್ಮ ರಸ್ತೆಗಳಿಗೆ ಇದು ಬರೀ ಪಾಠಪುಸ್ತಕದ ಸಂಖ್ಯೆಯಲ್ಲ. ತಲೆಯ ಮೇಲಿನ ಕ್ಯಾರಿಯರ್‌ಗೆ ಸಾಮಾನು ತುಂಬುವ ಅಭ್ಯಾಸವಿದ್ದವರು ಐದು ಇಂಚಿನ ಮಾತು ಎತ್ತದಿರುವುದೇ ಲೇಸು.

ಜಿಪ್ಸಿಯಲ್ಲದೆ ಹಳೆಯ ಟಾಟಾ ಸಫಾರಿ ಅಥವಾ ಪಜೇರೊ ಇರುವವರಿಗೆ ಒಂದು ಮಾತು. ಅವುಗಳ ಮುಂದಿನ ಸಸ್ಪೆನ್ಷನ್ ಸ್ವತಂತ್ರ, ಟಾರ್ಷನ್ ಬಾರ್‌ನದು, ಅಂದರೆ ತಿರುಚಿಕೊಂಡು ಸ್ಪ್ರಿಂಗ್‌ನ ಕೆಲಸ ಮಾಡುವ ಸರಳಿನದು. ಒಂದು ಬೋಲ್ಟ್ ಬಿಗಿ ಮಾಡಿದರೆ ಮುಂಭಾಗ ಪುಕ್ಕಟೆಯಾಗಿ ಏರುತ್ತದೆ ಎಂದು ಗ್ಯಾರೇಜಿನಲ್ಲಿ ಹೇಳುತ್ತಾರೆ. ಏರುವುದು ಹೌದು. ಆದರೆ ಚಕ್ರ ಕೆಳಗಿಳಿಯಲು ಇದ್ದ ಜಾಗವನ್ನೇ ಅದು ತಿನ್ನುತ್ತದೆ, ಸವಾರಿ ಒರಟಾಗುತ್ತದೆ, ಫೋರ್ ವ್ಹೀಲ್ ಗಾಡಿಯಲ್ಲಿ ಡ್ರೈವ್ ಶಾಫ್ಟಿನ ಜಾಯಿಂಟ್‌ಗಳು ಸದಾ ಓರೆಯಲ್ಲೇ ದುಡಿಯುತ್ತವೆ. ಒಂದು ಇಂಚಿನ ಆಚೆ ಹೋಗುವುದು ಬೇಡ.

ಕಾನೂನು ಈ ವಿಷಯದಲ್ಲಿ ಗೊಂದಲವಿಲ್ಲದೆ ಮಾತಾಡುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ನೀಡಿದ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ, ನಿಯಮಬಾಹಿರ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ನವೀಕರಿಸಲು ಆರ್‌ಟಿಒ ತಪಾಸಣೆಗೆ ಒಯ್ಯಬೇಕು. ಹೆಚ್ಚಿನ ಜಿಪ್ಸಿಗಳು ಆ ವಯಸ್ಸಿನವೇ. ಅಪಘಾತವಾದರೆ ವಿಮೆಯವರೂ ಇದೇ ಪ್ರಶ್ನೆ ಎತ್ತಬಹುದು. ತೋಟದ ಬೇಲಿಯೊಳಗೆ ಓಡುವ ಗಾಡಿ ಬೇರೆ, ಶಿರಾಡಿ ಘಾಟಿಯಲ್ಲಿ ಮಂಗಳೂರಿಗೆ ಹೋಗುವ ಗಾಡಿ ಬೇರೆ. ಐದು ಇಂಚಿನ ಗಾಡಿಯನ್ನು ಸಾರ್ವಜನಿಕ ರಸ್ತೆಗೆ ಇಳಿಸುವವರು ಇದನ್ನೆಲ್ಲ ತಿಳಿದೇ ಇಳಿಸುತ್ತಾರೆ ಎಂದುಕೊಳ್ಳಬೇಕಾಗುತ್ತದೆ.

ಇಷ್ಟಕ್ಕೂ ಮೊದಲು ಹಳೆಯ ಗಾಡಿಯ ಹಳೆಯತನವನ್ನು ವಿಚಾರಿಸಬೇಕು. ಮುಂದಿನ ಚಕ್ರ ತಿರುಗಲು ಆಧಾರವಾದ ಕಿಂಗ್‌ಪಿನ್ ಬೇರಿಂಗ್ ಸಡಿಲವಾಗಿ, ಟೈ ರಾಡ್ ತುದಿಗಳು ಸವೆದಿದ್ದರೆ ಮೂಲ ಟೈರಿನಲ್ಲೇ ಸ್ಟೀರಿಂಗ್ ನಡುಗುತ್ತಿರುತ್ತದೆ. ದೊಡ್ಡ ಟೈರ್ ಹಾಕಿದಾಗ ಅದೇ ನಡುಕ ಇಡೀ ಮುಂಭಾಗವನ್ನು ಹಿಡಿದು ಅಲ್ಲಾಡಿಸುವ ಮಟ್ಟಕ್ಕೆ ಹೋಗುತ್ತದೆ, ಬ್ರೇಕ್ ಹಾಕಿ ನಿಲ್ಲಿಸದೆ ಬೇರೆ ದಾರಿಯಿರುವುದಿಲ್ಲ. ಶ್ಯಾಕಲ್ ಬುಷ್‌ಗಳು, ಸ್ಪ್ರಿಂಗ್ ಸೇರುವಲ್ಲಿ ಚಾಸಿಯ ತುಕ್ಕು, ಸ್ಟೀರಿಂಗ್ ಬಾಕ್ಸ್ ಕೂತಿರುವ ಜಾಗದಲ್ಲಿ ಬಿರುಕು, ಇವನ್ನು ಸುತ್ತಿಗೆ ಮತ್ತು ಟಾರ್ಚ್ ಹಿಡಿದು ನೋಡಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಕಡೆ ಬಿಡಿಭಾಗ ಹುಡುಕಿದರೆ ಈ ದುರಸ್ತಿಯ ಖರ್ಚು ಲಿಫ್ಟ್ ಕಿಟ್‌ನ ಬೆಲೆಗಿಂತ ಕಡಿಮೆಯೇ ಆಗಬಹುದು. ಎಷ್ಟೋ ಮಂದಿಗೆ ಇಷ್ಟು ಮಾಡಿಸಿದ ಮೇಲೆ, ಕುಸಿದಿದ್ದ ಸ್ಪ್ರಿಂಗ್ ಬದಲಾಗಿ ಕಳೆದುಹೋಗಿದ್ದ ಎತ್ತರ ಮರಳಿದಾಗ, ಲಿಫ್ಟ್‌ನ ಆಸೆಯೇ ಅರ್ಧ ಇಳಿಯುತ್ತದೆ.

ನನ್ನನ್ನು ಕೇಳಿದರೆ ತೋಟ ಮತ್ತು ರಸ್ತೆ ಎರಡರಲ್ಲೂ ಓಡುವ ಜಿಪ್ಸಿಗೆ 215/75 ಟೈರ್, ಒಂದೂವರೆ ಇಂಚು ಎತ್ತರದ ಹೊಸ ಸ್ಪ್ರಿಂಗ್ ಸೆಟ್, ಸರಿಯಾದ ಶಾಕ್, ಹೊಸ ಬ್ರೇಕ್ ಪ್ಯಾಡ್ ಸಾಕು. ಕೆಸರಿಗೆ ಇಳಿಯುವ ಮೊದಲು ಗಾಳಿಯನ್ನು 16-18 ಪಿಎಸ್‌ಐಗೆ ಇಳಿಸಿದರೆ ಟೈರಿನ ಪಾದ ಹಿಗ್ಗಿ ಸಿಗುವ ಹಿಡಿತ ಎಷ್ಟೋ ಲಿಫ್ಟ್ ಕಿಟ್‌ಗಳಿಗೆ ಸಿಗುವುದಿಲ್ಲ. ರಸ್ತೆಗೆ ಬಂದ ಕೂಡಲೇ ಮತ್ತೆ ತುಂಬಬೇಕು, ಅದಕ್ಕೊಂದು ಚಿಕ್ಕ ಪಂಪ್ ಗಾಡಿಯಲ್ಲಿರಲಿ. ರಸ್ತೆಯ ಒತ್ತಡ ಎಷ್ಟಿರಬೇಕೆಂದು ತಿಳಿಯಲು ಟೈರಿನ ಅಡ್ಡಕ್ಕೆ ಸೀಮೆಸುಣ್ಣದ ಗೆರೆ ಎಳೆದು ಸ್ವಲ್ಪ ದೂರ ನೇರಕ್ಕೆ ಓಡಿಸಿ ನೋಡಿ. ನಡುಭಾಗ ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು, ಅಂಚುಗಳು ಮಾತ್ರ ಅಳಿಸಿದ್ದರೆ ಕಡಿಮೆ. ದೊಡ್ಡ ಗಾಡಿಗಳಿಗೆಂದು ಮಾಡಿದ ಟೈರುಗಳಿಗೆ ಒಂದು ಟನ್ನಿನ ಜಿಪ್ಸಿಯಲ್ಲಿ ಸಾಮಾನ್ಯವಾಗಿ ಅಂದುಕೊಂಡದ್ದಕ್ಕಿಂತ ಕಡಿಮೆ ಗಾಳಿ ಸಾಕಾಗುತ್ತದೆ.

ಕೆಲಸ ಮುಗಿದ ದಿನ ಗ್ಯಾರೇಜಿನಿಂದ ಹೊರಡುವ ಮೊದಲೇ ಒಂದು ಮುಂದಿನ ಚಕ್ರವನ್ನು ದಿಬ್ಬದ ಮೇಲೆ ಹತ್ತಿಸಿ, ಸ್ಪ್ರಿಂಗ್ ಪೂರ್ತಿ ಕುಗ್ಗಿದ ಸ್ಥಿತಿಯಲ್ಲಿ ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಬೇಕು. ಮಟ್ಟಸ ನೆಲದಲ್ಲಿ ಉಜ್ಜದ ಟೈರ್ ಇಲ್ಲಿ ಉಜ್ಜುತ್ತದೆ. ಉಜ್ಜಿದರೆ ಬಂಪ್ ಸ್ಟಾಪ್ (ಆಕ್ಸಲ್ ಹೆಚ್ಚು ಮೇಲೇರದಂತೆ ತಡೆಯುವ ರಬ್ಬರ್ ತುಂಡು) ಉದ್ದ ಮಾಡಬೇಕು, ಇಲ್ಲವೇ ಸ್ಟೀರಿಂಗ್ ತಡೆಯುವ ಬೋಲ್ಟನ್ನು ಹೊಂದಿಸಬೇಕು. ಹಿಂಬಾಗಿಲಿಗೆ ನೇತುಹಾಕಿದ ಸ್ಟೆಪ್ನಿ ಈಗ ಹೆಚ್ಚು ಭಾರ, ಕೀಲುಗಳ ಸುತ್ತ ತಗಡು ಬಿರಿಯುತ್ತಿದೆಯೇ ಎಂದು ಆಗಾಗ ನೋಡುತ್ತಿರಬೇಕು. ಹೊಸ ಯು-ಬೋಲ್ಟ್‌ಗಳು ಮೊದಲ ಕೆಲವು ನೂರು ಕಿಲೋಮೀಟರ್‌ಗಳಲ್ಲಿ ಸಡಿಲವಾಗುತ್ತವೆ, ಮತ್ತೊಮ್ಮೆ ಬಿಗಿ ಮಾಡಿಸದೆ ದೂರ ಹೋಗಬಾರದು. ವ್ಹೀಲ್ ಅಲೈನ್‌ಮೆಂಟ್ ಮಾಡಿಸಿದ ಮೇಲೆ ಗಾಡಿಯನ್ನು ಗೋಡೆಯ ಮುಂದೆ ನಿಲ್ಲಿಸಿ ಹೆಡ್‌ಲೈಟಿನ ಬೆಳಕನ್ನೂ ಕೆಳಕ್ಕೆ ಇಳಿಸಿಕೊಳ್ಳಿ. ಗಾಡಿ ಏರಿದಷ್ಟೂ ಅದರ ಬೆಳಕು ಎದುರಿನವರ ಕಣ್ಣಿಗೆ ನೇರವಾಗಿ ಹೊಡೆಯುತ್ತಿರುತ್ತದೆ.